ಅಮೆರಿಕಕ್ಕೆ ಬಂದು ನೆಲೆಸಿದ ತಾಯಿಗೆ ಇಂಗ್ಲಿಷ್ ಕಲಿಸಲು ಕನ್ನಡ ಕೂಟ ಏನು ಮಾಡಬಹುದು?

ನಿಮ್ಮ ತಾಯಿಯವರು ಹಾಸನ ಜಿಲ್ಲೆಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಈಗ 58 ವರ್ಷ, ಗ್ರೀನ್ ಕಾರ್ಡ್ ಪಡೆದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನಿಮ್ಮೊಡನೆ ಇದ್ದಾರೆ, ಮನೆಯಲ್ಲಿ ನೀವು ಹೇಳಿಕೊಡುವ ಪಾಠ ಮುಂದೆ ಸಾಗುತ್ತಿಲ್ಲ ಎಂದು ಬರೆದಿದ್ದೀರಿ. ಕನ್ನಡ ಕೂಟದವರೇ ಹಿರಿಯರಿಗಾಗಿ ಒಂದು ಇಂಗ್ಲಿಷ್ ತರಗತಿ ಏಕೆ ತೆರೆಯಬಾರದು ಎಂದು ಕೇಳಿದ್ದೀರಿ. ಫ್ರೀಮಾಂಟ್ ಇರುವ ಇದೇ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಪ್ರದೇಶ) ಒಂದು ಗ್ರಂಥಾಲಯದಲ್ಲಿ ಇಂಗ್ಲಿಷ್ ಸಂಭಾಷಣಾ ಗುಂಪನ್ನು ಸ್ವಯಂಸೇವಕನಾಗಿ ನಡೆಸುತ್ತಿರುವ ಅನುಭವದಿಂದ ಉತ್ತರಿಸುತ್ತಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಕೂಟ ತರಗತಿ ತೆರೆಯುವ ಅಗತ್ಯವಿಲ್ಲ. ತರಬೇತಿ ಪಡೆದ ಶಿಕ್ಷಕರು ಪಾಠ ಹೇಳುವ ಉಚಿತ ತರಗತಿ ನಿಮ್ಮ ಊರಿನಲ್ಲೇ ಇದೆ. ತಾಯಿಯವರು ಅಲ್ಲಿಗೆ ವಾರವಾರವೂ ತಪ್ಪದೆ ತಲುಪುವಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ, ಕೂಟದ ನೆರವು ಬೇಕಾಗಿರುವುದೂ ಅದಕ್ಕೇ.

ಫ್ರೀಮಾಂಟಿನ ಶಾಲಾ ಜಿಲ್ಲೆಯೇ ವಯಸ್ಕರಿಗಾಗಿ ಒಂದು ಶಾಲೆ ನಡೆಸುತ್ತದೆ. ಎಲ್ಲರೂ ಅದನ್ನು ಅಡಲ್ಟ್ ಸ್ಕೂಲ್ ಎಂದೇ ಕರೆಯುತ್ತಾರೆ. ಇಂಥ ಶಾಲೆಗಳಿಗೆ ಎರಡು ಕಡೆಯಿಂದ ಹಣ ಬರುತ್ತದೆ: ಒಕ್ಕೂಟ ಸರ್ಕಾರ 1966ರ ವಯಸ್ಕರ ಶಿಕ್ಷಣ ಕಾಯ್ದೆಯ ಕಾಲದಿಂದ ಕೊಡುತ್ತಾ ಬಂದು ಈಗ 2014ರ ಕಾಯ್ದೆಯಡಿ ನೀಡುತ್ತಿರುವ ಅನುದಾನ ಒಂದು, ಕ್ಯಾಲಿಫೋರ್ನಿಯಾ ರಾಜ್ಯ 2015ರಲ್ಲಿ ವರ್ಷಕ್ಕೆ 50 ಕೋಟಿ ಡಾಲರ್‌ಗಳಿಂದ ಆರಂಭಿಸಿದ ತನ್ನದೇ ಅನುದಾನ ಇನ್ನೊಂದು. ಇಂಗ್ಲಿಷ್ ಮತ್ತು ಪೌರತ್ವದ ತರಗತಿಗಳಿಗೆ ಇವು ಶುಲ್ಕ ವಿಧಿಸುವಂತಿಲ್ಲವೆಂದು ರಾಜ್ಯದ ಶಿಕ್ಷಣ ಸಂಹಿತೆಯೇ ಹೇಳುತ್ತದೆ; ಪುಸ್ತಕಕ್ಕೆ ಮಾತ್ರ ಖರ್ಚಾಗಬಹುದು. ಗ್ರೀನ್ ಕಾರ್ಡ್ ಇರುವುದರಿಂದ ನಿಮ್ಮ ತಾಯಿಯವರಿಗೆ ಸೇರಲು ಯಾವ ಅಡ್ಡಿಯೂ ಇಲ್ಲ. ಇದನ್ನು ಓದುವ ಇತರರಿಗಾಗಿ ಒಂದು ಮಾತು: ಎಚ್-4 ವೀಸಾದ (ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವುದು) ನಿಯಮ ವ್ಯಾಸಂಗಕ್ಕೆ ಅಡ್ಡಿ ಮಾಡುವುದಿಲ್ಲ, ಆದರೆ ಆರು ತಿಂಗಳ ಸಂದರ್ಶಕ ವೀಸಾದಲ್ಲಿ ಬಂದ ತಂದೆತಾಯಿಯರನ್ನು ಕ್ರಮಬದ್ಧ ವ್ಯಾಸಂಗಕ್ಕೆ ಸೇರಿಸಬೇಡಿ, ಆ ವೀಸಾದ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಅವರು ಗ್ರಂಥಾಲಯದ ಸಂಭಾಷಣಾ ಗುಂಪಿಗೆ ಬಂದು ಕುಳಿತರೆ ಸಾಕು.

ಸೇರುವ ದಿನ ಒಂದು ಪರೀಕ್ಷೆ ಇರುತ್ತದೆ, ಅನೇಕ ಹಿರಿಯರು ಮನೆಗೆ ಮರಳಿ ಬರುವುದು ಅಲ್ಲಿಂದಲೇ. ಕ್ಯಾಲಿಫೋರ್ನಿಯಾದಲ್ಲಿ ಬಳಸುವುದು ಕ್ಯಾಸಾಸ್ ಎಂಬ ಪರೀಕ್ಷೆ. ಓದಿ ಅಥವಾ ಕೇಳಿಸಿಕೊಂಡು, ಅಲ್ಲೇ ಕೊಟ್ಟಿರುವ ಉತ್ತರಗಳಲ್ಲಿ ಸರಿಯಾದುದನ್ನು ಆರಿಸಬೇಕು, ಬಹಳಷ್ಟು ಕಡೆ ಕಂಪ್ಯೂಟರಿನ ಮುಂದೆ. ಜೀವನದಲ್ಲಿ ಮೌಸ್ ಹಿಡಿಯದವರಿಗೆ, ಇಂಥ ಪ್ರಶ್ನೆಪತ್ರಿಕೆಯನ್ನೇ ಕಾಣದವರಿಗೆ, ಇಂಗ್ಲಿಷಿಗಿಂತ ಮೊದಲು ಅದರ ರೂಪವೇ ಗಾಬರಿ ಹುಟ್ಟಿಸುತ್ತದೆ. ಬಂದ ಅಂಕದ ಮೇಲೆ ಆರು ಹಂತಗಳಲ್ಲಿ ಒಂದಕ್ಕೆ ಹಾಕುತ್ತಾರೆ, ಅತ್ಯಂತ ಕೆಳಗಿನದು ಅಕ್ಷರಾಭ್ಯಾಸದ ಹಂತ. ಕನ್ನಡದಲ್ಲಿ ಪತ್ರಿಕೆ, ಕಾದಂಬರಿ ಓದಬಲ್ಲ ನಿಮ್ಮ ತಾಯಿಯವರನ್ನು, ಯಾವ ಭಾಷೆಯಲ್ಲೂ ಓದುಬರಹ ಕಲಿಯುವ ಅವಕಾಶ ಸಿಗದವರ ಜೊತೆ ಕೂರಿಸಿದರೆ ಅವರಿಗೆ ಬೇಸರವೂ ಅವಮಾನವೂ ಆಗುತ್ತದೆ. ಓದು ಒಮ್ಮೆ ಕೈವಶವಾದವರು ಎರಡನೆಯ ಲಿಪಿಯನ್ನು ಬಹಳ ಬೇಗ ಹಿಡಿಯುತ್ತಾರೆ. ಆದ್ದರಿಂದ ಪರೀಕ್ಷೆಯ ದಿನ ನೀವು ಜೊತೆಗೆ ಹೋಗಿ, ತಾಯಿಯವರು ತಮ್ಮ ಭಾಷೆಯಲ್ಲಿ ಏಳು ವರ್ಷ ಶಾಲೆ ಕಲಿತಿದ್ದಾರೆಂದು ಸಿಬ್ಬಂದಿಗೆ ಸ್ಪಷ್ಟವಾಗಿ ತಿಳಿಸಿ. ಹಂತ ಹೊಂದದಿದ್ದರೆ ಶಿಕ್ಷಕರನ್ನು ಕೇಳಿ ಬದಲಾಯಿಸಿಕೊಳ್ಳಲು ಹಿಂಜರಿಯಬೇಡಿ. ಸಾಮಾನ್ಯವಾಗಿ 70ರಿಂದ 100 ಗಂಟೆಗಳ ಪಾಠದ ನಂತರ ಮತ್ತೆ ಪರೀಕ್ಷೆ ಇಡುತ್ತಾರೆ. ಅದನ್ನು ತಪ್ಪಿಸಬೇಡಿ, ಏಕೆಂದರೆ ಇಲ್ಲಿ ಒಕ್ಕೂಟದ ಹಣವನ್ನು ಕಲಿತವರ ಪ್ರಗತಿಯ ಲೆಕ್ಕದ ಮೇಲೆ ಶಾಲೆಗಳಿಗೆ ಹಂಚುತ್ತಾರೆ. ವಯಸ್ಸಾದವರ ಕಲಿಕೆಯನ್ನು ಹೀಗೆ ಅಂಕದಿಂದ ಅಳೆದು ಹಣ ಕೊಡುವ ಪದ್ಧತಿ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ, ಆದರೂ ಬಿಟ್ಟಿಯಾಗಿ ಕಲಿಯುವವರು ಶಾಲೆಗೆ ಮಾಡಬಹುದಾದ ಉಪಕಾರ ಅದೊಂದೇ.

ಇನ್ನು ಗ್ರಂಥಾಲಯ. 1984ರಿಂದ ಕ್ಯಾಲಿಫೋರ್ನಿಯಾದ ರಾಜ್ಯ ಗ್ರಂಥಾಲಯದ ನೆರವಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳು ವಯಸ್ಕರಿಗೆ ಓದುಬರಹ ಕಲಿಸುತ್ತಿವೆ. ಒಬ್ಬ ಕಲಿಯುವವರಿಗೆ ಒಬ್ಬ ಸ್ವಯಂಸೇವಕ ಎಂಬುದು ಅಲ್ಲಿನ ಕ್ರಮ. ಈ ಕ್ರಮದ ಹಿಂದೆ ಅಮೆರಿಕದ ಮಿಷನರಿ ಫ್ರಾಂಕ್ ಲಾಬಾಕ್ ಅವರ ಹೆಸರಿದೆ. ಫಿಲಿಪ್ಪೀನ್ಸಿನ ಮಿಂಡನಾವೋ ದ್ವೀಪದಲ್ಲಿ, 1930ರ ಸುಮಾರಿಗೆ, ಶಿಕ್ಷಕರ ಸಂಬಳಕ್ಕೆ ಹಣ ನಿಂತುಹೋದಾಗ, ಕಲಿತವರು ಇನ್ನೊಬ್ಬರಿಗೆ ಕಲಿಸಲೇಬೇಕೆಂಬ ಕಟ್ಟಳೆಯಿಂದ ಅವರ ಕೆಲಸ ಮುಂದುವರಿಯಿತು. ಆಮೇಲೆ ಅವರು ಭಾರತಕ್ಕೂ ಬಂದು ಸಾಕ್ಷರತೆಗಾಗಿ ದುಡಿದರು. ಫ್ರೀಮಾಂಟ್ ಸೇರಿರುವ ಅಲಮೇಡಾ ಕೌಂಟಿಯ ಗ್ರಂಥಾಲಯದಲ್ಲೂ ಇಂಥ ಒಂದು ಕಾರ್ಯಕ್ರಮವಿದೆ. ಗ್ರಂಥಾಲಯಗಳ ಈ ಯೋಜನೆ ಮೂಲತಃ ಇಂಗ್ಲಿಷ್ ಮಾತನಾಡಬಲ್ಲ ಆದರೆ ಓದಲಾರದ ವಯಸ್ಕರಿಗಾಗಿ ರೂಪುಗೊಂಡದ್ದರಿಂದ, ಹೊಸದಾಗಿ ಭಾಷೆ ಕಲಿಯುವವರಿಗೆ ಏನೇನು ಇದೆಯೆಂದು ಮೊದಲೇ ವಿಚಾರಿಸಿ. ಸಂಭಾಷಣಾ ಗುಂಪನ್ನಂತೂ ತಪ್ಪಿಸಬೇಡಿ. ನಮ್ಮ ಗುಂಪಿನಲ್ಲಿ ಚೀನಾದ ಅಜ್ಜಿಯರು, ಅಫ್ಘಾನಿಸ್ತಾನದ ತಾಯಂದಿರು, ಮೆಕ್ಸಿಕೋದ ಅಡುಗೆಯವರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಪರಸ್ಪರರ ಭಾಷೆ ಬಾರದ ಕಾರಣ ತಪ್ಪೋ ಒಪ್ಪೋ ಇಂಗ್ಲಿಷನ್ನೇ ಆಡಬೇಕಾಗುತ್ತದೆ, ಯಾರ ಇಂಗ್ಲಿಷೂ ಚೆನ್ನಾಗಿಲ್ಲದ್ದರಿಂದ ನಾಚಿಕೆಯೂ ಇರುವುದಿಲ್ಲ. ಕನ್ನಡಿಗರೇ ತುಂಬಿದ ತರಗತಿಯಲ್ಲಿ ಇದು ಸಾಧ್ಯವಿಲ್ಲ. ಐದು ನಿಮಿಷದಲ್ಲಿ ಮಾತು ಹುಳಿಪುಡಿಗೆ, ಊರಿನ ಮಳೆಗೆ ಹೊರಳಿರುತ್ತದೆ.

ಕೂಟದವರಿಂದ ಏನನ್ನು ಕೇಳಬೇಕು? ನಾನು ಕಂಡಂತೆ ಹಿರಿಯರು ಕಲಿಕೆ ಬಿಡುವುದಕ್ಕೆ ಕಾರಣ ಪಾಠದ ಕಷ್ಟವಲ್ಲ. ಮಗ ಮತ್ತು ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಬೆಳಗಿನ ತರಗತಿಗೆ ಕರೆದೊಯ್ಯುವವರಿಲ್ಲ; ಇಲ್ಲವೇ ಮೂರು ವರ್ಷದ ಮೊಮ್ಮಗು ಮನೆಯಲ್ಲಿದೆ, ನೋಡಿಕೊಳ್ಳುವವರು ಇವರೊಬ್ಬರೇ. ಮಗುವನ್ನು ನೋಡಿಕೊಳ್ಳಲೆಂದೇ ತಾಯಿಯನ್ನು ಕರೆಸಿಕೊಂಡು ಆಕೆ ಕಲಿಯುತ್ತಿಲ್ಲವೆಂದು ಪೇಚಾಡುವ ಮನೆಗಳೂ ಇವೆ (ನಿಮ್ಮದು ಹಾಗೆಂದು ಹೇಳುತ್ತಿಲ್ಲ). ಒಂದೇ ಬಡಾವಣೆಯ ನಾಲ್ಕು ಕನ್ನಡ ಕುಟುಂಬಗಳು ಸೇರಿ ಸರದಿಯಲ್ಲಿ ಕಾರು ಓಡಿಸಿದರೆ, ನಿವೃತ್ತರೊಬ್ಬರು ತರಗತಿಯ ಹೊತ್ತಿಗೆ ಇಬ್ಬರು ಮೂವರು ಮಕ್ಕಳನ್ನು ನೋಡಿಕೊಂಡರೆ, ಮೊದಲ ಕೆಲವು ವಾರ ಹಳಬರೊಬ್ಬರು ಜೊತೆಗೆ ಬಸ್ಸಿನಲ್ಲಿ ಹೋಗಿ ದಾರಿ ತೋರಿಸಿದರೆ, ಕೂಟ ಒಂದು ಶಾಲೆಯನ್ನು ಕಟ್ಟಿದ್ದಕ್ಕಿಂತ ಹೆಚ್ಚಿನ ಪ್ರಯೋಜನವಾಗುತ್ತದೆ. ಹೀಗೆ ಇಬ್ಬರು ಮೂವರು ಒಟ್ಟಿಗೆ ಸೇರಿಕೊಂಡರೆ ಒಬ್ಬರು ಬಿಡಲು ಹೊರಟಾಗ ಇನ್ನೊಬ್ಬರು ಎಳೆದು ತರುತ್ತಾರೆ. ಇನ್ನೊಂದು ಸಲಹೆ: ಕನ್ನಡಿಗರು ವಾರಾಂತ್ಯದಲ್ಲಿ ನಡೆಸುವ ಮಕ್ಕಳ ಕನ್ನಡ ಶಾಲೆ ಹತ್ತಿರದಲ್ಲಿದ್ದರೆ, ಅಲ್ಲಿ ಕಥೆ ಹೇಳಲು, ಬರಹ ತಿದ್ದಲು ತಾಯಿಯವರನ್ನು ಕಳುಹಿಸಿ. ವಾರವೆಲ್ಲ ಶಿಷ್ಯೆಯಾಗಿ ತಡವರಿಸುವವರು ಒಂದು ದಿನವಾದರೂ ಗುರುವಿನ ಸ್ಥಾನದಲ್ಲಿ ಕುಳಿತರೆ ಧೈರ್ಯ ಬರುತ್ತದೆ.

ಮನೆಯ ಪಾಠವನ್ನು ನಿಲ್ಲಿಸಿಬಿಡಿ. ಮಗ ತಾಯಿಗೆ ವ್ಯಾಕರಣ ತಿದ್ದುವುದು ಇಬ್ಬರಿಗೂ ಹಿತವಲ್ಲ. ಬದಲಾಗಿ, ತರಗತಿಯಲ್ಲಿ ಕಲಿತದ್ದನ್ನು ಬಳಸುವ ಕೆಲಸಗಳನ್ನು ಅವರಿಗೇ ಬಿಡಿ: ಔಷಧದಂಗಡಿಯಲ್ಲಿ ಹೆಸರು, ಹುಟ್ಟಿದ ದಿನಾಂಕ ಹೇಳಿ ಮಾತ್ರೆ ಪಡೆಯುವುದು, ಗ್ರಂಥಾಲಯದಲ್ಲಿ ತಮ್ಮದೇ ಕಾರ್ಡು ಮಾಡಿಸುವುದು. ನೀವು ಪಕ್ಕದಲ್ಲಿ ನಿಂತಿರಿ, ಮಾತನಾಡಬೇಡಿ.

ಪೌರತ್ವದ ತರಗತಿಗೆ ಈಗಲೇ ಸೇರಿಸುವ ಯೋಚನೆ ನಿಮಗಿದ್ದರೆ ಅದನ್ನು ಮುಂದೂಡಿ. ಪೌರತ್ವ ಪಡೆಯಲು ಅಧಿಕಾರಿಯ ಮುಂದೆ ಕೊಡಬೇಕಾದ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಸಿಗುವುದು 50 ವರ್ಷ ದಾಟಿ 20 ವರ್ಷ, ಅಥವಾ 55 ದಾಟಿ 15 ವರ್ಷ ಗ್ರೀನ್ ಕಾರ್ಡಿನಲ್ಲಿ ಇದ್ದವರಿಗೆ. ನಿಮ್ಮ ತಾಯಿಯವರು ಐದು ವರ್ಷಗಳ ನಂತರ ಅರ್ಜಿ ಹಾಕುವುದಾದರೆ ಅದು ಅನ್ವಯಿಸದು. ಆ ಪರೀಕ್ಷೆಯ ಓದು ಮತ್ತು ಬರಹ ಸರಳ: ಮೂರು ವಾಕ್ಯಗಳಲ್ಲಿ ಒಂದನ್ನು ಓದಬೇಕು, ಮೂರರಲ್ಲಿ ಒಂದನ್ನು ಬರೆಯಬೇಕು. ಅಧಿಕಾರಿಯ ಪ್ರಶ್ನೆಗಳನ್ನು ಅರ್ಥಮಾಡಿಕೊಂಡು ಉತ್ತರಿಸುವುದೇ ಕಷ್ಟ, ಅದಕ್ಕೆ ಬೇಕಾದ ಕಿವಿ ಸಾಮಾನ್ಯ ತರಗತಿಯಲ್ಲೇ ತಯಾರಾಗುತ್ತದೆ. ಹೊಸ ಶಾಲಾವರ್ಷ ಬೇಸಿಗೆಯ ಕೊನೆಗೆ ಶುರುವಾಗುತ್ತದೆ, ಆರಂಭದ ಹಂತಗಳ ಸೀಟುಗಳು ಬೇಗ ತುಂಬುತ್ತವೆ. ನೋಂದಣಿಯ ದಿನವನ್ನು ಶಾಲೆಗೆ ಫೋನ್ ಮಾಡಿ ಈಗಲೇ ಕೇಳಿಟ್ಟುಕೊಳ್ಳಿ.