ಸೇವಂತಿಗೆ ಗಿಡ ಸೊಂಪಾಗಿ ಬೆಳೆದಿದೆ, ಮೊಗ್ಗೇ ಇಲ್ಲ. ಮೂಳೆಪುಡಿ ಹಾಕಲೋ, ಎನ್‌ಪಿಕೆ ಗೊಬ್ಬರ ಹಾಕಲೋ?

ಎರಡೂ ಬೇಡ. ಪ್ರಶ್ನೆಯ ಕೊನೆಯಲ್ಲಿ "ಗೇಟಿನ ದೀಪದ ಕೆಳಗೇ ಇಟ್ಟಿದ್ದೀನಿ, ರಾತ್ರಿ ಹೊತ್ತೂ ಚೆನ್ನಾಗಿ ಕಾಣುತ್ತೆ" ಅಂತ ಬರೆದಿದ್ದೀರಲ್ಲ, ಅದನ್ನ ಓದಿದ ಕೂಡಲೇ ನನ್ನ ಮೊದಲನೇ ಗಿಡ ಕಣ್ಣ ಮುಂದೆ ಬಂದು ನಿಂತಿತು.

ಪರಿಚಯದವರೊಬ್ಬರು ತಮ್ಮ ಗಿಡದ ಬುಡದಿಂದ ಬೇರು ಸಮೇತ ಕಿತ್ತು ಕೊಟ್ಟ ಒಂದು ಮರಿ ಸಸಿ ಅದು. ಜೂನ್‌ನಲ್ಲಿ ನೆಟ್ಟೆ. ಅದಕ್ಕೂ ಮೊದಲು ಒಂದು ಪುದೀನವನ್ನೂ ಬೆಳೆದು ಗೊತ್ತಿಲ್ಲದ ಆಸಾಮಿ ನಾನು. ಸಸಿ ಗೇಣುದ್ದ ಆದಾಗ ಕುಡಿ ಚಿವುಟಿ ಅಂದಿದ್ದರು, ಅಳುಕುತ್ತಲೇ ಚಿವುಟಿದೆ. ಒಂದಿದ್ದ ಕಡೆ ನಾಲ್ಕು ಕೊಂಬೆ ಬಂತು. ಮತ್ತೆ ಚಿವುಟಿದೆ. ಸೆಪ್ಟೆಂಬರ್ ಹೊತ್ತಿಗೆ ಕುಂಡವೇ ಕಾಣದಷ್ಟು ಎಲೆ. ಬಂದವರೆಲ್ಲ ಹೊಗಳಿದರು, ನಾನೂ ಉಬ್ಬಿದೆ. ಅಷ್ಟು ಚೆಂದದ ಗಿಡವನ್ನ ಮೂಲೇಲಿ ಇಡೋದ್ಯಾಕೆ ಅಂತ ಎತ್ತಿ ತಂದು ಬಾಗಿಲ ಮುಂದಿನ ಮೆಟ್ಟಿಲ ಪಕ್ಕ ಇಟ್ಟೆ. ನೇರ ತಲೆಯ ಮೇಲೆ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು, ಸಂಜೆ ಹಾಕಿದರೆ ಬೆಳಗ್ಗೆ ಹಾಲು ತರೋಕೆ ಹೋಗುವಾಗ ಆರಿಸೋದು.

ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು, ಮೊಗ್ಗಿಲ್ಲ. ಆಗ ಶುರುವಾಯಿತು ನೋಡಿ ನನ್ನ ಗೊಬ್ಬರದ ಯಾತ್ರೆ. ಮೂಳೆಪುಡಿ ಹಾಕಿದೆ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕಿದೆ. ಅಂಗಡಿಯ ಡಿಎಪಿ ಗೊಬ್ಬರ ಹಾಕಿದೆ, ಸಾಲದು ಅಂತ ವಾರ ಕಳೆದು ಇನ್ನೊಂದು ಹಿಡಿ ಹಾಕಿದೆ. ಕೆಳಗಿನ ಎಲೆಗಳ ಅಂಚು ಸುಟ್ಟ ಕಾಗದದ ಹಾಗೆ ಕಂದಾಯಿತು. ಹಸಿವೇ ಇಲ್ಲದವರ ಬಾಯಿಗೆ ತುತ್ತು ತುರುಕಿದ ಹಾಗೆ.

ಡಿಸೆಂಬರ್‌ನ ಒಂದು ಬೆಳಗ್ಗೆ ಕುಂಡ ತಿರುಗಿಸುವಾಗ ಕಂಡಿದ್ದು ಇದು: ಮೆಟ್ಟಿಲ ಪಕ್ಕದ ಕಂಬದ ಹಿಂದಕ್ಕೆ ಒಂದೇ ಒಂದು ಕೊಂಬೆ ಬಾಗಿತ್ತು. ಅದರ ತುದಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ಮೂರು ಮೊಗ್ಗು, ಹಸಿರು ಗುಂಡಿಗಳ ಹಾಗೆ. ಮಿಕ್ಕ ಇಪ್ಪತ್ತು ಕೊಂಬೆಗಳಲ್ಲಿ ಸೊನ್ನೆ. ಅದೇ ಮಣ್ಣು, ಅದೇ ನೀರು, ಅದೇ ಡಿಎಪಿ. ರಾತ್ರಿ ದೀಪ ಹಾಕಿ ನೋಡಿದೆ. ಕಂಬದ ನೆರಳು ಸರಿಯಾಗಿ ಆ ಕೊಂಬೆಯ ಮೇಲೆ ಬಿದ್ದಿತ್ತು.

ನನ್ನ ತಪ್ಪು ಅದೊಂದೇ, ಆದರೆ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವು ಮಾಡ್ತಿರೋದೂ ಅದೇ. ಬೆಳಕು ಹೆಚ್ಚಿದಷ್ಟೂ ಗಿಡಕ್ಕೆ ಒಳ್ಳೇದು ಅಂತ ನಾನು ನಂಬಿದ್ದೆ. ಎಲೆ ಬೆಳೆಯೋಕೆ ಅದು ನಿಜ. ಹೂವಿನ ಲೆಕ್ಕ ಬೇರೆ. ಸೇವಂತಿಗೆ ಕಾಲವನ್ನ ತಿಳಿಯೋದು ಕತ್ತಲೆಯಿಂದ. ರಾತ್ರಿ ಉದ್ದ ಆಗ್ತಾ ಬಂತು ಅಂತ ಎಲೆಗೆ ಗೊತ್ತಾದರೆ ಕುಡಿಗೆ ಸುದ್ದಿ ಹೋಗುತ್ತೆ: ಎಲೆ ಸಾಕು, ಇನ್ನು ಮೊಗ್ಗು ಕಟ್ಟು. ನನ್ನ ಗಿಡ ಬಲ್ಬಿನ ಕೆಳಗೆ ಕೂತು ಇನ್ನೂ ಸೂರ್ಯ ಮುಳುಗೇ ಇಲ್ಲ ಅಂದುಕೊಂಡಿತ್ತು. ಎರಡು ತಿಂಗಳಿಂದ ಅದಕ್ಕೆ ರಾತ್ರಿಯೇ ಆಗಿರಲಿಲ್ಲ!

ಇದು ಹೊಸ ವಿಷಯವೂ ಅಲ್ಲ. ಗಾರ್ನರ್ ಮತ್ತು ಅಲಾರ್ಡ್ ಅನ್ನೋ ಇಬ್ಬರು ಅಮೆರಿಕದ ವಿಜ್ಞಾನಿಗಳು ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂ ಬಿಡದ ಒಂದು ತಂಬಾಕು ತಳಿಯನ್ನ ಹಿಡಿದು, ಹಗಲು ಮುಗಿಯೋ ಮೊದಲೇ ಕತ್ತಲ ಕೋಣೆಗೆ ಸಾಗಿಸಿ ಹೂ ಬಿಡಿಸಿದರು. 1920ರಲ್ಲೇ ಅದನ್ನ ಪ್ರಕಟಿಸಿದ್ದಾರೆ. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಕ್ಸಾಂಥಿಯಂ ಅನ್ನೋ ಮುಳ್ಳುಕಾಯಿಯ ಕಳೆಗಿಡದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಗಲಿನ ನಡುವೆ ಸ್ವಲ್ಪ ಕತ್ತಲೆ ಮಾಡಿದರೆ ಏನೂ ಆಗಲ್ಲ, ರಾತ್ರಿಯ ನಡುವೆ ಸ್ವಲ್ಪ ಬೆಳಕು ಬಿಟ್ಟರೆ ಹೂ ನಿಂತುಹೋಗುತ್ತೆ. ಹಸಿರುಮನೆಯಲ್ಲಿ ಸೇವಂತಿಗೆ ಬೆಳೆಯೋರು ಇದೇ ಗುಟ್ಟಿನ ಮೇಲೆ ವ್ಯಾಪಾರ ಮಾಡ್ತಾರೆ. ಹೂ ತಡ ಆಗಬೇಕಾದರೆ ಮಧ್ಯರಾತ್ರಿ ದೀಪ ಹಾಕ್ತಾರೆ, ಬೇಗ ಬೇಕಾದರೆ ಸಂಜೆಯೇ ಕಪ್ಪು ಬಟ್ಟೆ ಹೊದಿಸ್ತಾರೆ. ನಾನು ಕರೆಂಟು ಬಿಲ್ಲು ಕಟ್ಟಿ ಹೂ ತಡೆಯೋ ಕೆಲಸವನ್ನ ಅಚ್ಚುಕಟ್ಟಾಗಿ ಮಾಡಿದ್ದೆ.

ಕುಂಡವನ್ನ ಹಿತ್ತಲಿಗೆ, ನೀರಿನ ತೊಟ್ಟಿಯ ಹಿಂದಕ್ಕೆ ಒಯ್ದೆ. ಹಗಲು ಒಳ್ಳೇ ಬಿಸಿಲು, ರಾತ್ರಿ ಕಗ್ಗತ್ತಲು. ಗೊಬ್ಬರ ಪೂರ್ತಿ ನಿಲ್ಲಿಸಿ, ಅದರಿಂದ ಮಣ್ಣಿನಲ್ಲಿ ಸೇರಿಕೊಂಡಿದ್ದ ಉಪ್ಪು ಇಳಿದುಹೋಗಲಿ ಅಂತ ಒಂದೆರಡು ಸಲ ಕೆಳಗಿನ ತೂತಿಂದ ಧಾರೆ ಹರಿಯೋವರೆಗೂ ನೀರು ಹೊಯ್ದೆ. ಆಮೇಲೂ ಬುದ್ಧಿ ಬಂತಾ? ರಾತ್ರಿ ಹನ್ನೆರಡಕ್ಕೆ ಎದ್ದು ಹೋಗಿ ಮೊಬೈಲ್ ಟಾರ್ಚ್ ಹಾಕಿ ಒಂದೊಂದೇ ಕುಡಿ ಬಿಡಿಸಿ ನೋಡೋದು. ನಾಲ್ಕನೇ ದಿನ ಮನೆಯವಳು "ಅದನ್ನ ಮಲಗೋಕಾದ್ರೂ ಬಿಡ್ರೀ" ಅಂದಳು. ಅಲ್ಲಿಗೆ ಆ ಚಟ ನಿಂತಿತು. ನಾಲ್ಕು ವಾರಕ್ಕೆ ಎಲ್ಲ ಕೊಂಬೆಗಳಲ್ಲೂ ಮೊಗ್ಗು, ಒಂಬತ್ತನೇ ವಾರ ಅರಳಿತು. ಹಳದಿ ಅಂತ ಕೊಟ್ಟಿದ್ದರು, ಬಿಟ್ಟಿದ್ದು ಬಿಳಿ. ಇರಲಿ.

ಹಾಗಾಗಿ ಇವತ್ತೇ ಕುಂಡ ಎತ್ತಿ. ನೆಲದಲ್ಲಿ ನೆಟ್ಟಿದ್ದರೆ ದೀಪ ಆರಿಸಿ, ಅದು ನಿಮ್ಮ ಕೈಲಿಲ್ಲದ ಬೀದಿದೀಪ ಆದರೆ ಸಂಜೆ ಆರಕ್ಕೆ ದೊಡ್ಡ ರಟ್ಟಿನ ಡಬ್ಬ ಕವುಚಿ ಬೆಳಗ್ಗೆ ಏಳಕ್ಕೆ ತೆಗೀರಿ. ಒಂದು ದಿನವೂ ತಪ್ಪಿಸಬೇಡಿ, ಮೊಗ್ಗಿನಲ್ಲಿ ಬಣ್ಣ ಇಣುಕೋವರೆಗೂ ನಡೆಯಲಿ. ಬೆಳಕು ಎಷ್ಟಿದ್ದರೆ ಹೆಚ್ಚು ಅಂತ ಕೇಳಬಹುದು. ಗಿಡದ ಪಕ್ಕ ಕೂತು ಪುಸ್ತಕ ಓದೋಕೆ ಆಗುತ್ತೆ ಅಂದರೆ ಹೆಚ್ಚಾಯಿತು ಅಂತಲೇ ಲೆಕ್ಕ. ಬೆಳದಿಂಗಳಿಗೆ ಹೆದರಬೇಡಿ. ಕುಡಿ ಚಿವುಟೋದು ಈಗಲೇ ನಿಲ್ಲಿಸಿ, ಇನ್ನು ಚಿವುಟಿದರೆ ಮೊಗ್ಗನ್ನೇ ಚಿವುಟಿದ ಹಾಗೆ. ಯೂರಿಯಾ ಮುಟ್ಟಲೇಬೇಡಿ. ಎಳೇ ಕುಡಿಗಳಲ್ಲಿ ಕಪ್ಪು ಹೇನು ಕೂತಿದ್ದರೆ ಬೆರಳಲ್ಲಿ ಒರೆಸಿ, ನೀರು ರಭಸವಾಗಿ ಹೊಡೆದರೂ ಸಾಕು.

ಕತ್ತಲೆಯ ಹಂಗಿಲ್ಲದೆ ಹೂ ಬಿಡೋ ತಳಿಗಳೂ ಇವೆ, ಯಾರಾದರೂ ಬಂದು "ನಮ್ಮದು ದೀಪದ ಕೆಳಗೇ ಬಿಡುತ್ತೆ" ಅಂತ ವಾದ ಹೂಡಬಹುದು. ಅವರದ್ದು ಬಿಡಲಿ ಬಿಡಿ, ನಿಮ್ಮದು ಬಿಟ್ಟಿಲ್ಲವಲ್ಲ. ಕುಂಡ ಎತ್ತೋ ಮೊದಲು ಒಂದು ಕೆಲಸ ಮಾಡಿ: ದೀಪಕ್ಕೆ ಬೆನ್ನು ಮಾಡಿರೋ ಕಡೆಯ ಕೊಂಬೆಗಳನ್ನ ಹಗಲು ಹೊತ್ತಲ್ಲಿ ಬಗ್ಗಿ ನೋಡಿ. ಅಲ್ಲಿ ಏನಾದರೂ ಕಂಡರೆ ಇಲ್ಲೇ ಬರೀರಿ.