ಮೀನು ಹೆಚ್ಚಿದ್ದರೆ ತೊರೆ ಆರೋಗ್ಯವಾಗಿದೆ ಎಂದರ್ಥವೇ?

ಅಲ್ಲ. ಚರಂಡಿ ನೀರು ಸೇರುವ ಕಡೆಯೂ ತಿಲಾಪಿಯಾ ರಾಶಿ ರಾಶಿ ಸಿಗಬಹುದು. ನೋಡಬೇಕಾದ್ದು ಯಾವ ಜಾತಿ, ಎಷ್ಟು ಪಾಲು ಎಂಬುದನ್ನು. ಮೀನುಗಳನ್ನು ನೋಡಿ ತೊರೆಯ ಆರೋಗ್ಯ ಅಳೆಯಲು 1981ರಲ್ಲಿ ಅಮೆರಿಕದ ಜೀವವಿಜ್ಞಾನಿ ಜೇಮ್ಸ್ ಕಾರ್ ರೂಪಿಸಿದ ಸೂಚ್ಯಂಕದಲ್ಲಿ 12 ಅಳತೆಗಳಿವೆ: ಜಾತಿಗಳ ಸಂಖ್ಯೆ, ಮಾಲಿನ್ಯ ತಾಳಲಾರದವು, ಹುಳ ತಿನ್ನುವವುಗಳ ಪಾಲು, ಹುಣ್ಣು-ಗಡ್ಡೆ ಇರುವ ಮೀನುಗಳು, ಹೀಗೆ. ಅದೇ ಸೀಮೆಯ ಕೆಡದ ತೊರೆಗೆ ಹೋಲಿಸಿ ಪ್ರತಿಯೊಂದಕ್ಕೂ 1, 3 ಅಥವಾ 5 ಅಂಕ. ಒಟ್ಟು 12ರಿಂದ 60; ಅಂಕ ಹೆಚ್ಚಿದಷ್ಟೂ ತೊರೆ ಆರೋಗ್ಯ. ಈ ಹೋಲಿಕೆಯೇ ಜೀವಾಳ. ಅಮೆರಿಕದ ಪಟ್ಟಿಯನ್ನು ಪಶ್ಚಿಮಘಟ್ಟದ ಹಳ್ಳಕ್ಕೆ ಹಾಗೇ ಹಚ್ಚಿದರೆ ಅಂಕಕ್ಕೆ ಅರ್ಥವಿಲ್ಲ.

ಈ ಲೆಕ್ಕಕ್ಕಾಗಿ, ಮಳೆ ನಿಂತು ನೀರು ತಿಳಿಯಾದ ಮೇಲೆ, ತೊರೆಯ ಅಗಲದ ಸುಮಾರು 40 ಪಟ್ಟು ಉದ್ದ ಆಯ್ದು, ಎರಡೂ ತುದಿಗೆ ಬಲೆ ಕಟ್ಟಿ ನಡುವಿನ ಮೀನು ಹಿಡಿಯಿರಿ. ಮಡುವಿನಲ್ಲಷ್ಟೇ ಹುಡುಕಿದರೆ ರಭಸದ ನೀರಿನಲ್ಲಿ ಕಲ್ಲಿಗೆ ಅಂಟಿ ಬದುಕುವ ಪುಟ್ಟ ಮೀನುಗಳು ಲೆಕ್ಕದಿಂದ ತಪ್ಪಿಹೋಗುತ್ತವೆ. ಹೂಳು ತುಂಬಿದರೆ ಮೊದಲು ಪೆಟ್ಟು ಬೀಳುವುದು ಅಂಥವಕ್ಕೇ.