ತುಂಬಿದ ಬಾಟಲಿ ತುಂಬಿದಂತೆಯೇ ಮನೆಗೆ

"ಹೆಸರು ಹಾಕಬ್ಯಾಡ್ರಿ ಅಕ್ಕಾರ, ನಮ್ಮೂರಾಗೂ ಎಲ್ಲಾರೂ ಮೊಬೈಲ್ ನೋಡ್ತಾರ" ಅಂತ ಪತ್ರದ ಮೊದಲ ಸಾಲಿನಲ್ಲೇ ಬರೆದಿದ್ದೀಯ. ಹಾಕುವುದಿಲ್ಲ, ತಂಗಿ. ಹಾವೇರಿ ಜಿಲ್ಲೆ ಅಂತಷ್ಟೇ ಇರಲಿ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು ನೀನು, ಏಕವಚನದಲ್ಲೇ ಮಾತಾಡುತ್ತೇನೆ.

ಉಳಿದ ಓದುಗರಿಗಾಗಿ ಸಂಗತಿ ಇಷ್ಟು. ಈಕೆಗೆ ಮೂವತ್ತೊಂದು ವರ್ಷ, ಎಸ್ಸೆಸ್ಸೆಲ್ಸಿ ಫೇಲು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಗೆ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾಳೆ, ಉಳಿದಂತೆ ಹೊಲ, ಮನೆ. ಮಗಳು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿ. ಶಾಲೆಯ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಮೂರು ವರ್ಷದ ಅವಧಿ ಮುಗಿದಿದೆ, ಹೊಸಬರನ್ನು ಆರಿಸಲು ಪಾಲಕರ ಸಭೆ ಕರೆದಿದ್ದಾರೆ. ಓಣಿಯ ತಾಯಂದಿರು "ಈ ಸಲ ನೀನ ನಿಂದ್ರು" ಅಂದಿದ್ದಾರೆ. ತೊಡಕು ಏನೆಂದರೆ, ಈಗಿನ ಅಧ್ಯಕ್ಷರು ಗಂಡನ ದೊಡ್ಡಪ್ಪನ ಮಗ, ಅಂದರೆ ಭಾವ. ಭಾವನಿಗೂ ಗಂಡನಿಗೂ ಹೊಲದ ಬದುವಿನ ತಕರಾರು. ಹಾಗಾಗಿ ಗಂಡನಿಗೆ ಹುರುಪು: "ನೀ ಸುಮ್ನ ನಿಂದ್ರು, ಉಳಿದದ್ದು ನಾ ನೋಡ್ಕೋತೀನಿ." ಅತ್ತೆ ಮಾತ್ರ ಸುತರಾಂ ಬೇಡ ಅನ್ನುತ್ತಾರೆ. ನಿಂತರೆ ಮನೆತನ ಒಡೆಯುತ್ತದೆ, ನಿಲ್ಲದಿದ್ದರೆ ಗಂಡ ಮಾತು ಬಿಡುತ್ತಾನೆ, ಏನು ಮಾಡಲಿ ಅನ್ನುವುದು ಪ್ರಶ್ನೆ.

ನಾಲ್ಕು ಹಾಳೆ, ಎರಡೂ ಬದಿ. ಅದರಲ್ಲಿ ಮೂರೂವರೆ ಹಾಳೆ ಬದು, ಭಾವ, ಅತ್ತೆ. ಮೂರನೇ ಹಾಳೆಯ ಕೆಳಗೆ ಜಾಗ ಉಳಿಯಿತು ಅಂತ ತುರುಕಿದ ಹಾಗೆ ಒಂದು ಮಾತಿದೆ. ಶಾಲೆಗೆ ಕಳಿಸಿದ ನೀರಿನ ಬಾಟಲಿ ಸಂಜೆ ತುಂಬಿದ್ದು ತುಂಬಿದಂತೆಯೇ ವಾಪಸ್ ಬರುತ್ತದೆ, "ನಾನು ಅದನ್ನ ತುಳಸಿಗೆ ಹಾಕ್ತೀನಿ." ಯಾಕೆ ಕುಡಿಯುವುದಿಲ್ಲ? ಕುಡಿದರೆ ಒಂದಕ್ಕೆ ಹೋಗಬೇಕು. ಹುಡುಗಿಯರ ಶೌಚಾಲಯಕ್ಕೆ ಕೀಲಿ. ಕೀಲಿಕೈ ಆಫೀಸ್ ರೂಮಿನ ಮೊಳೆಯಲ್ಲಿ. ಕೇಳಲು ನಾಚಿಕೆ.

ಒಂಬತ್ತು ವರ್ಷದ ಮಗು ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ ಬಾಯಿ ಒಣಗಿಸಿಕೊಂಡು ಕೂರುತ್ತದೆ. ನೀನು ನನಗೆ ಬದುವಿನ ಅಳತೆ ಬರೆದಿದ್ದೀಯ.

ಬೈಯಲು ಕೂತಿಲ್ಲ. ನಮ್ಮ ಮನೆಗಳಲ್ಲಿ ಗಂಡಸರ ಜಗಳ ಎಷ್ಟು ಜಾಗ ತಿನ್ನುತ್ತದೆಂದರೆ ಹೆಣ್ಣುಮಕ್ಕಳ ಹೊಟ್ಟೆನೋವಿಗೆ ಹಾಳೆಯ ತುದಿಯೇ ಗತಿ. (ಹೊಟ್ಟೆನೋವೂ ಇದೆಯಂತೆ, "ಆಗಾಗ ಸಂಜಿಕ". ಅದಕ್ಕೆ ಕೊನೆಗೆ ಬರುತ್ತೇನೆ.)

ಮೊದಲು ಭಾವನ ವಿಷಯ ಮುಗಿಸೋಣ, ಅದು ಸಣ್ಣದು. ಅವರ ಮಕ್ಕಳು ಹಳದಿ ವ್ಯಾನ್ ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ. ಇಲ್ಲಿ ಅಧ್ಯಕ್ಷರಾಗಿದ್ದು ತಂಗಿಯ ಮಗನ ಪೋಷಕ ಅಂತ. ಆ ಹುಡುಗ ಹೋದ ವರ್ಷವೇ ಶಾಲೆ ಮುಗಿಸಿ ಹೈಸ್ಕೂಲಿಗೆ ಹೋದ ಅಂತ ನೀನೇ ಬರೆದಿದ್ದೀಯ. ಪಾಲಕರ ಸ್ಥಾನದಲ್ಲಿ ಕೂರಬೇಕಾದರೆ ಮಗು ಆ ಶಾಲೆಯಲ್ಲಿ ಓದುತ್ತಿರಬೇಕು. ಅಲ್ಲಿಗೆ ಭಾವ ಕಣದಲ್ಲೇ ಇಲ್ಲ. ಇಲ್ಲದವರ ಎದುರು ನಿಲ್ಲುವುದು ಹೇಗೆ? ಬೈಕಿನಿಂದ ಇಳಿಯದೆ, ಪೆಟ್ರೋಲ್ ಟ್ಯಾಂಕಿನ ಮೇಲೇ ನಡಾವಳಿ ಪುಸ್ತಕ ಇಟ್ಟು ಮೂರು ತಿಂಗಳ ಸಹಿ ಒಟ್ಟಿಗೆ ಹಾಕಿ ಹೋಗುತ್ತಿದ್ದರಂತಲ್ಲ, ಆ ಚಿತ್ರ ನನ್ನ ಕಣ್ಣಿಗೆ ಕಟ್ಟಿದೆ. ಆದರೂ ಅವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ.

ಸಿಟ್ಟಿರುವುದು ನೀನು "ಭಾಳ ಒಳ್ಳೇರು" ಅಂತ ಎರಡು ಸಲ ಬರೆದ ಹೆಡ್‌ಮಾಸ್ಟರ ಮೇಲೆ. ಒಳ್ಳೆಯವರೇ ಇರಬಹುದು. ಸಮಿತಿಯ ಕಾರ್ಯದರ್ಶಿ ಅವರೇ, ಬ್ಯಾಂಕ್ ಖಾತೆ ಅಧ್ಯಕ್ಷರ ಜೊತೆ ಜಂಟಿ, ಚೆಕ್ಕಿಗೆ ಇಬ್ಬರ ಸಹಿ ಬೇಕು. ಟ್ಯಾಂಕಿನ ಮೇಲೆ ಸಹಿ ಹಾಕುವ ಅಧ್ಯಕ್ಷರಿದ್ದರೆ ಯಾವ ಒಳ್ಳೆಯವರಿಗೆ ತಾನೇ ಹಿತವಲ್ಲ? ಅವರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ತೊಳೆಯಲು ಆಳಿಲ್ಲ, ಮಕ್ಕಳ ಕೈಲಿ ತೊಳೆಸಿದರೆ ಅಮಾನತು, ಕೀಲಿ ಹಾಕುವುದೇ ಸಲೀಸು. ಆದರೆ ಮೊಳೆಯಲ್ಲಿ ನೇತಾಡುವ ಆ ಕೀಲಿಕೈಯನ್ನು ಅವರು ದಿನಾ ನೋಡುತ್ತಾರೆ. ಹುಡುಗರು, ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ ಮತ್ತು ಕುಡಿಯುವ ನೀರು ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲೇ ಇದೆ. 2012ರಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳೊಳಗೆ ಎಲ್ಲ ಶಾಲೆಗೂ ಇದನ್ನು ಒದಗಿಸಿ ಅಂತ ರಾಜ್ಯಗಳಿಗೆ ಹೇಳಿಯೂ ಆಯಿತು. ನಿಮ್ಮ ಶಾಲೆ ಒದಗಿಸಿದೆ, ಕೀಲಿ ಸಮೇತ.

ಅತ್ತೆಯ ಬಗ್ಗೆ ನೀನು ಕಠಿಣವಾಗಿ ಬರೆದಿದ್ದೀಯ. ಅವರ ಮಾತನ್ನು ಇನ್ನೊಮ್ಮೆ ಓದು: "ಗಂಡಸರ ಜಗಳದಾಗ ಹೆಣ್ಮಕ್ಕಳನ್ನ ಮುಂದ ಬಿಡಬ್ಯಾಡ್ರಿ." ಅವರು ಬೇಡ ಅಂದದ್ದು ಶಾಲೆಯನ್ನಲ್ಲ, ಬದುವನ್ನು. ಆ ಮನೆಯಲ್ಲಿ ನಿನ್ನ ಗಂಡನ ಲೆಕ್ಕ ಅರ್ಥವಾಗಿರುವುದು ಅವರೊಬ್ಬರಿಗೇ. ಇವತ್ತೇ ಅವರ ಹತ್ತಿರ ಕೂತು ಬಾಟಲಿ ತೋರಿಸು.

"ನಾ ನೋಡ್ಕೋತೀನಿ" ಅಂದ ಗಂಡನ ಬಗ್ಗೆ ನನ್ನ ಅಭಿಪ್ರಾಯ ಈ ಅಂಕಣ ಓದುವವರಿಗೆ ಹೊಸದಲ್ಲ. ನೀರ್ ಸಾಬ್ ಅನ್ನಿಸಿಕೊಂಡಿದ್ದ ನಜೀರ್ ಸಾಬರು ರಾಜ್ಯದ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಕಾಲ. 1987ರಲ್ಲಿ ಮಂಡಲ ಪಂಚಾಯ್ತಿ (ಈಗಿನ ಗ್ರಾಮ ಪಂಚಾಯ್ತಿಯ ಜಾಗದಲ್ಲಿದ್ದದ್ದು) ಚುನಾವಣೆ ಆಯಿತು, ಹೆಂಗಸರಿಗೆ ಕಾಲು ಭಾಗ ಮೀಸಲು. ದೇಶಕ್ಕೆಲ್ಲ ಅಂಥ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ, ನಾವು ಮುಂಚೆಯೇ ಶುರು ಮಾಡಿದ್ದೆವು. ನಮ್ಮ ದೊಡ್ಡಮ್ಮ ಆ ಸಲ ಗೆದ್ದರು. ಆರು ತಿಂಗಳು ದೊಡ್ಡಪ್ಪನೇ ಶಾಲು ಹೊದ್ದು ಸಭೆಗೆ ಹೋಗಿ ಬಂದರು. ಏಳನೇ ತಿಂಗಳು ಅವರ ಕಾಲು ಉಳುಕಿತು, ದೊಡ್ಡಮ್ಮ ಹೋದರು. ಕಾಲು ನೆಟ್ಟಗಾದ ಮೇಲೂ ದೊಡ್ಡಮ್ಮನೇ ಹೋದರು. ಎಲ್ಲರ ಗಂಡಂದಿರಿಗೂ ಕಾಲು ಉಳುಕಲಿ ಅಂತ ನಾನು ಹಾರೈಸುವಂತಿಲ್ಲವಲ್ಲ. ಅದಕ್ಕೇ ಮೊದಲ ದಿನದಿಂದ ನೀನೇ ಹೋಗು.

ಎಸ್ಸೆಸ್ಸೆಲ್ಸಿ ಫೇಲಾದವಳು ಅಧ್ಯಕ್ಷೆ ಆಗಬಹುದಾ ಅಂತ ಕೇಳಿದ್ದೀಯ. ಬೆಟರ್‌ಮೆಂಟ್ ಕಮಿಟಿಯ ಕಾಲದಲ್ಲಾದರೆ ಈ ಅನುಮಾನ ಸರಿ. ಊರ ಗೌಡರು, ಕುಲಕರ್ಣಿಯರು ಆಗಸ್ಟ್ ಹದಿನೈದಕ್ಕೆ ಬಂದು ಪೆಪ್ಪರಮಿಂಟು ಹಂಚಿ ಹೋಗುವ ಕಮಿಟಿ ಅದು. ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ 2001ರಲ್ಲಿ ಎಸ್‌ಡಿಎಂಸಿ ಬಂತು. ಆಮೇಲೆ 2009ರ ಅದೇ ಶಿಕ್ಷಣ ಹಕ್ಕು ಕಾಯಿದೆಯ 21ನೇ ಕಲಂ ಇನ್ನೂ ಬಿಗಿ ಮಾಡಿತು: ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧ ಹೆಂಗಸರು. ಮಾರ್ಕ್ಸ್ ಕಾರ್ಡ್ ಎಲ್ಲೂ ಕೇಳಿಲ್ಲ. ಮುಂದಿನ ಕಲಂ ಪ್ರಕಾರ ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಇದೇ ಸಮಿತಿ. ಅದರ ಮೊದಲ ಸಾಲು ಏನಿರಬೇಕು ಅನ್ನುವುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಂದು ಎಚ್ಚರ. ಹಿಂದಿನ ರಾತ್ರಿ ಯಾರದೋ ಕಟ್ಟೆಯ ಮೇಲೆ ಹೆಸರುಗಳು ತೀರ್ಮಾನವಾಗುತ್ತವೆ. ಬೆಳಿಗ್ಗೆ ಮಾಸ್ತರರು ಓದುತ್ತಾರೆ, ಎಲ್ಲರೂ ಚಪ್ಪಾಳೆ, ನಡಾವಳಿಯಲ್ಲಿ "ಅವಿರೋಧ ಆಯ್ಕೆ". ಈ ಅವಿರೋಧ ಅನ್ನುವ ಶಬ್ದ ಕಂಡರೆ ನನಗೆ ಮೈಯೆಲ್ಲ ಉರಿ.

ಹಾಗಾಗಿ ಮಾಡಬೇಕಾದ್ದು ಒಂದೇ. ಸಭೆಯ ದಿನ, ಹೆಸರು ಓದುವ ಮುಂಚೆ, ಎದ್ದು ನಿಂತು ನಿನ್ನ ಹೆಸರನ್ನು ನೀನೇ ಹೇಳು. ಗಂಡ ಹೇಳುವುದು ಬೇಡ, ಓಣಿಯವರು ಹೇಳುವುದೂ ಬೇಡ. ಯಾಕೆ ನಿಲ್ಲುತ್ತೀ ಅಂತ ಕೇಳಿದರೆ ಭಾವನ ಮಾತು ಎತ್ತಬೇಡ, ತುಂಬಿದ ಬಾಟಲಿ ಮೇಜಿನ ಮೇಲಿಟ್ಟು ಇದು ನಿನ್ನೆ ಸಂಜೆ ಬಂದದ್ದು ಅಂತ ಹೇಳು. ಅಲ್ಲಿ ಕೂತ ತಾಯಂದಿರಲ್ಲಿ ಎಷ್ಟು ಜನರ ಮನೆಯಲ್ಲಿ ಇಂಥದೇ ಬಾಟಲಿ ಇದೆ ಅನ್ನುವುದು ಆಗ ಗೊತ್ತಾಗುತ್ತದೆ. ಆರಿಸಿದರೆ ಸರಿ. ಆರಿಸದಿದ್ದರೂ ಆ ಮಾತು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ನೋಡಿಯೇ ಸಹಿ ಹಾಕು.

ದೀಪಾವಳಿಗೆ ಭಾವನ ಮನೆಗೆ ಹೋಗುವುದು ಹೇಗೆ ಅಂತಲೂ ಕೇಳಿದ್ದೀಯ. ಪ್ರತಿವರ್ಷ ಹೇಗೆ ಹೋಗುತ್ತಿದ್ದೆಯೋ ಹಾಗೆ. ಹೋಳಿಗೆ ಕೊಟ್ಟರೆ ತಿನ್ನು.

ಸಭೆಗೆ ಇನ್ನೂ ಹನ್ನೆರಡು ದಿನ ಇದೆ. ಮಗಳ ಹೊಟ್ಟೆನೋವು ಅಷ್ಟು ದಿನ ಕಾಯುವಂಥದ್ದಲ್ಲ. ನೀರು ಕುಡಿಯದೆ, ಒಂದಕ್ಕೆ ತಡೆದುಕೊಂಡು ಕೂರುವ ಹೆಣ್ಣುಮಕ್ಕಳಿಗೆ ಮೂತ್ರದ ಸೋಂಕು ಬಲುಬೇಗ ಆಗುತ್ತದೆ. ಉರಿ ಇದೆಯಾ ಅಂತ ಇವತ್ತು ರಾತ್ರಿ ಮೆಲ್ಲಗೆ ಕೇಳು, ಇಲ್ಲ ಅಂದರೂ ನಾಳೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಮೂತ್ರ ಪರೀಕ್ಷೆ ಮಾಡಿಸು. ಒಂದು ದಿನದ ಕೂಲಿ ಹೋದರೆ ಹೋಗಲಿ.